ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ

‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಬಹುಮಟ್ಟಿಗೆ ಸಮಾಧಾನದ ಮಾತಾಗಿಯೇ ಬಳಸುತ್ತ ಬಂದಿದ್ದಾರೆ. ಇಂದು ನೊಂದವಳಿಗೆ ನಾಳೆ ಒಳ್ಳೆಯ ದಿನ ಬಂದೇ ಬರುವುದು, ದರ್ಪವೆಂಬುದು ಯಾರ ಕೈಯಲ್ಲಿಯೂ ಶಾಶ್ವತವಾಗಿ ನಿಲ್ಲತಕ್ಕುದಲ್ಲ ಎಂಬ ಭರವಸೆ ಅದರ ಮೇಲ್ನೋಟದ ಅರ್ಥ. ಆದರೆ ಸ್ವಲ್ಪ ನಿಧಾನಿಸಿ ಆಲಿಸಿದರೆ, ಅದರೊಳಗೆ ಭರವಸೆಗಿಂತ ಭೀತಿಯೇ ಹೆಚ್ಚಾಗಿರುವುದು ಗೋಚರವಾಗುತ್ತದೆ. ಸೊಸೆಗೆ ಬರುವ ಆ ಕಾಲವಾದರೂ ಯಾವುದು? ಆಕೆ ಅತ್ತೆಯಾಗುವ ಕಾಲವೇ. ಬೀಗದ ಕೈ ಒಬ್ಬಳ ಸೆರಗಿನಿಂದ ಇನ್ನೊಬ್ಬಳ ಸೆರಗಿಗೆ ಬಂತು. ಒಲೆಯ ಮುಂದೆ ಕಣ್ಣೀರು ಸುರಿಸಲು ಮನೆಗೆ ಇನ್ನೊಂದು ಹೊಸ ಜೀವ ಬಂತು. ನೋವುಂಡವರು ಆ ನೋವಿನಿಂದಲೇ ಕರುಣೆಯನ್ನು ಕಲಿಯುವರೆಂಬುದಕ್ಕೆ ಈ ಗಾದೆ ಯಾವ ಹೊಣೆಯನ್ನೂ ಹೊರುವುದಿಲ್ಲ. ಈ ಕಠೋರವಾದ ಅರ್ಥಕ್ಕೆ ಹದಿನೇಳನೆಯ ಶತಮಾನದ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಚರಿತ್ರೆ ಬರೆದಿಟ್ಟಷ್ಟು ವಿಶದವಾದ ಭಾಷ್ಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇಂಗ್ಲೆಂಡಿನಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಆಳ್ವಿಕೆಯಲ್ಲಿ, ವಿಲಿಯಂ ಲಾಡ್ ಎಂಬ ಧರ್ಮಾಧಿಕಾರಿಯ ಪ್ರಾಬಲ್ಯದ ದಿನಗಳಲ್ಲಿ, ರಾಜಮಾನ್ಯವಾದ ಚರ್ಚಿನ ವಿಧಿಗಳಲ್ಲಿ ರೋಮಿನ ವಾಸನೆ ಇನ್ನೂ ಉಳಿದಿದೆಯೆಂದು ಆಕ್ಷೇಪಿಸಿ, ಆರಾಧನೆಯನ್ನು ಪರಿಶುದ್ಧಗೊಳಿಸಬೇಕೆಂದು ಪಟ್ಟು ಹಿಡಿದ ಪ್ಯೂರಿಟನ್ನರು ಪಟ್ಟ ಪಾಡು ಸಾಮಾನ್ಯವಾದುದಲ್ಲ. ಬಿಷಪ್ಪರನ್ನು ಖಂಡಿಸಿ ಬರೆದುದಕ್ಕಾಗಿ 1637ರಲ್ಲಿ ಪ್ರಿನ್, ಬರ್ಟನ್, ಬಾಸ್ಟ್‌ವಿಕ್ ಎಂಬ ಮೂವರನ್ನು ವೆಸ್ಟ್‌ಮಿನ್‌ಸ್ಟರಿನಲ್ಲಿ ಜನಸಮೂಹದೆದುರು ನಿಲ್ಲಿಸಿ ಅವರ ಕಿವಿಗಳನ್ನು ಕತ್ತರಿಸಿದರು. ಪ್ರಿನ್ನನ ಕಿವಿ ಹಿಂದೆಯೇ ಒಮ್ಮೆ ಕತ್ತರಿಗೆ ಸಿಕ್ಕಿದ್ದುದರಿಂದ, ಉಳಿದಿದ್ದ ಮೋಟನ್ನೇ ಮತ್ತೆ ಕೊಯ್ದು ಕೆನ್ನೆಗಳಿಗೆ ಬರೆ ಹಾಕಿದರು. ಇಂಥ ರಾಜ್ಯದಲ್ಲಿ ಬಾಳಲಾರದೆ, 1630ರಲ್ಲಿ ಜಾನ್ ವಿಂತ್ರೊಪನ ನೇತೃತ್ವದಲ್ಲಿ ಹೊರಟ ಹಡಗುಗಳನ್ನು ಅನುಸರಿಸಿ, ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 20,000 ಮಂದಿ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂ ಇಂಗ್ಲೆಂಡಿನಲ್ಲಿ ನೆಲೆಯೂರಿದರು. ಅವರಲ್ಲೊಬ್ಬನು ಜಾನ್ ಕಾಟನ್, ಮಹಾವಿದ್ವಾಂಸ, ಸಾತ್ತ್ವಿಕ. ಲಿಂಕನ್‌ಶೈರಿನ ಬಾಸ್ಟನ್ನಿನಲ್ಲಿ ಪಾದ್ರಿಯಾಗಿದ್ದು, ಧರ್ಮನ್ಯಾಯಾಲಯದ ಕರೆ ಬಂದಾಗ ತಲೆಮರೆಸಿಕೊಂಡು, 1633ರಲ್ಲಿ ಹಡಗು ಹತ್ತಿ ಹೊಸ ಬಾಸ್ಟನ್ನಿಗೆ ಬಂದು ಅಲ್ಲಿ ಪರಮಪೂಜ್ಯನೆನಿಸಿದನು.

ಸೊಸೆಯ ಕಾಲ ಬಂದಿತು. ವಸಾಹತಿನ ಸರ್ಕಾರಕ್ಕೆ ಮತ ಹಾಕುವ ಹಕ್ಕು ಚರ್ಚಿನ ಸದಸ್ಯರಿಗೆ ಮಾತ್ರ ಮೀಸಲಾಯಿತು. ಅಧಿಕಾರಿಗಳಿಗೆ ಜನರ ಆರಾಧನೆಯ ವಿಷಯದಲ್ಲಿ ದಂಡಿಸುವ ಅಧಿಕಾರವಿಲ್ಲವೆಂದು ಬೋಧಿಸಿದ ರಾಜರ್ ವಿಲಿಯಮ್ಸನಿಗೆ 1635ರ ಅಕ್ಟೋಬರಿನಲ್ಲಿ ಗಡೀಪಾರಿನ ಶಿಕ್ಷೆಯಾಯಿತು. ಮನೆಯಲ್ಲಿ ಕೂಟ ಸೇರಿಸಿ ಪಾದ್ರಿಗಳ ಉಪದೇಶವನ್ನೇ ವಿಮರ್ಶಿಸಿದ ಆನ್ ಹಚಿನ್‌ಸನ್ ಎಂಬಾಕೆಯೂ ಎರಡು ವರ್ಷಗಳ ತರುವಾಯ ಅದೇ ದಾರಿ ಹಿಡಿಯಬೇಕಾಯಿತು. 1651ರಲ್ಲಿ, ಕಣ್ಣು ಕಾಣದ ಮುದುಕನೊಬ್ಬನ ಮನೆಗೆ ಹೋಗಿ ಪ್ರಾರ್ಥನೆ ನಡೆಸಿದ ಬ್ಯಾಪ್ಟಿಸ್ಟ್ ಪಂಥದ ಒಬಡಯ ಹೋಮ್ಸನು, ಸ್ನೇಹಿತರು ದಂಡದ ಹಣವನ್ನು ಕಟ್ಟಲು ಮುಂದೆ ಬಂದರೂ ಅದನ್ನು ಕಟ್ಟಿದರೆ ತಪ್ಪೊಪ್ಪಿಕೊಂಡಂತಾಗುವುದೆಂದು ನಿರಾಕರಿಸಿ, ಬಾಸ್ಟನ್ನಿನಲ್ಲಿ ಮೂವತ್ತು ಛಡಿಯೇಟು ತಿಂದನು.

1656ರ ಜುಲೈನಲ್ಲಿ ಬಾರ್ಬಡೋಸಿನಿಂದ ಬಂದ ಹಡಗಿನಲ್ಲಿ ಮೇರಿ ಫಿಷರ್, ಆನ್ ಆಸ್ಟಿನ್ ಎಂಬಿಬ್ಬರು ಕ್ವೇಕರ್ ಪಂಥದ ಹೆಂಗಸರು ಬಾಸ್ಟನ್ನಿಗೆ ಬಂದಿಳಿದಾಗ ಈ ಭಾಷ್ಯದ ಅತ್ಯಂತ ಘೋರವಾದ ಪುಟ ತೆರೆಯಿತು. ಅವರ ಪುಸ್ತಕಗಳನ್ನು ಸುಟ್ಟರು. ದಾರಿಹೋಕರೊಡನೆ ಮಾತಾಡದಂತೆ ಸೆರೆಮನೆಯ ಕಿಟಕಿಗೆ ಹಲಗೆ ಹೊಡೆದರು. ಮಾಟಗಾತಿಯರ ಗುರುತಿದೆಯೇ ಎಂದು ಮೈಯೆಲ್ಲ ಶೋಧಿಸಿದರು. ಐದು ವಾರಗಳಾದ ಮೇಲೆ ಹಡಗಿಗೆ ಹತ್ತಿಸಿ ಕಳುಹಿಸಿದರು. ಮರುವರ್ಷವೇ ಹೊಸ ಶಾಸನವೊಂದು ಹೊರಬಿದ್ದಿತು: ಗಡೀಪಾರಾದ ಕ್ವೇಕರನು ಮರಳಿ ಬಂದರೆ ಅವನ ಕಿವಿಯನ್ನು ಕತ್ತರಿಸತಕ್ಕುದು. 1658ರಲ್ಲಿ ಬಾಸ್ಟನ್ನಿನ ಸೆರೆಮನೆಯೊಳಗೆ ಮೂವರ ಬಲಗಿವಿಗಳನ್ನು ಕತ್ತರಿಸಿಯೂ ಬಿಟ್ಟರು. ಕಿವಿ! ಲಂಡನ್ನಿನಲ್ಲಿ ಪ್ರಿನ್ನನ ನೆತ್ತರು ಹರಿದು ಇಪ್ಪತ್ತೊಂದು ವರ್ಷಗಳಷ್ಟೇ ಆಗಿತ್ತು. ಆ ಸುದ್ದಿಯನ್ನು ಕೇಳಿ ಕಂಬನಿಗರೆದವರು ಅನೇಕರು ಇನ್ನೂ ಬದುಕಿದ್ದರು. ಶಿಕ್ಷೆಯನ್ನು ಕಲ್ಪಿಸುವಾಗಲಾದರೂ, ತಮ್ಮವರು ಅನುಭವಿಸಿದುದನ್ನು ಬಿಟ್ಟು ಬೇರೊಂದನ್ನು ಹುಡುಕಬೇಕೆಂದು ಅವರಿಗೆ ತೋರಲಿಲ್ಲವೆಂಬುದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ.

ಅಲ್ಲಿಗೂ ನಿಲ್ಲಲಿಲ್ಲ. 1659ರ ಅಕ್ಟೋಬರ್ 27ರಂದು ವಿಲಿಯಂ ರಾಬಿನ್‌ಸನ್, ಮಾರ್ಮಡ್ಯೂಕ್ ಸ್ಟೀವನ್‌ಸನ್ ಎಂಬ ಕ್ವೇಕರರಿಬ್ಬರನ್ನು, ಅವರ ಕಡೆಯ ಮಾತು ಜನರಿಗೆ ಕೇಳಿಸದಂತೆ ತಮಟೆ ಬಾರಿಸುತ್ತ ಕರೆದೊಯ್ದು ನೇಣು ಹಾಕಿದರು. ಅವರೊಡನೆ ನಡೆದು ಬಂದಿದ್ದ ಮೇರಿ ಡೈಯರ್ ಎಂಬಾಕೆಗೂ ಕುಣಿಕೆ ತೊಡಿಸಿ, ಮುಖಕ್ಕೆ ಕರವಸ್ತ್ರ ಹೊದಿಸಿ, ಆ ಕ್ಷಣದಲ್ಲಿ ಕ್ಷಮಾದಾನವನ್ನು ಸಾರಿದರು. ಆಕೆ ಊರಿಗೆ ಮರಳಿದಳು. ಆದರೆ ಕ್ವೇಕರರಿಗೆ ಮರಣದಂಡನೆ ವಿಧಿಸುವ ಆ ಅನ್ಯಾಯದ ಶಾಸನ ರದ್ದಾಗದೆ ತನಗೆ ಜೀವದಾನ ಬೇಡವೆಂದು ಮರುವರ್ಷ ಮತ್ತೆ ಬಾಸ್ಟನ್ನಿಗೆ ಬಂದಳು. 1660ರ ಜೂನ್ 1ರಂದು ಆಕೆಗೂ ನೇಣಾಯಿತು. ಮತ್ತೊಬ್ಬನು ಮುಂದಿನ ವರ್ಷ ಅದೇ ಗತಿಯನ್ನು ಕಂಡ ಬಳಿಕ, ಇಮ್ಮಡಿ ಚಾರ್ಲ್ಸ್ ದೊರೆಯ ಆಜ್ಞಾಪತ್ರ ಬಂದು ಈ ಮರಣದಂಡನೆಗಳು ನಿಂತುವು. ಆ ಪತ್ರವನ್ನು ಹೊತ್ತು ತಂದವನು ಸೇಲಮಿನಿಂದ ಗಡೀಪಾರಾಗಿದ್ದ ಕ್ವೇಕರನೇ, ಸ್ಯಾಮ್ಯುಯೆಲ್ ಶಾಟಕ್.

ಇವರನ್ನು ಕಪಟಿಗಳೆಂದು ಕರೆದು ಮುಗಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ಕಾಟನ್ನನು ಕೊಟ್ಟ ಸಮಾಧಾನವನ್ನು ನೋಡಿ. ಆತ್ಮಸಾಕ್ಷಿಯನ್ನು ಪೀಡಿಸಕೂಡದೆಂಬುದನ್ನು ಅವನೂ ಒಪ್ಪುತ್ತಾನೆ. ಆದರೆ ಧರ್ಮದ ಮೂಲತತ್ತ್ವಗಳು ಅತಿ ಸ್ಪಷ್ಟವಾದುವಾದುದರಿಂದ, ತಪ್ಪಿದವನಿಗೆ ಒಂದೆರಡು ಸಲ ವಿವೇಕದಿಂದ ತಿಳಿಯಹೇಳಿದ ಮೇಲೆಯೂ ಅವನು ಹಠ ಬಿಡದಿದ್ದರೆ, ಅವನು ತನ್ನ ಆತ್ಮಸಾಕ್ಷಿಗೇ ವಿರುದ್ಧವಾಗಿ ನಡೆಯುತ್ತಿರುವನು. ಅಂಥವನನ್ನು ದಂಡಿಸಿದರೆ ಆತ್ಮಸಾಕ್ಷಿಯನ್ನು ಪೀಡಿಸಿದಂತಾಗದು. ಈ ತರ್ಕದಲ್ಲಿ ಕ್ರೌರ್ಯವಿಲ್ಲ, ವಾತ್ಸಲ್ಯವಿದೆ. ಭಯಂಕರವಾದುದು ಆ ವಾತ್ಸಲ್ಯವೇ. ಸೊಸೆಯ ಒಳಿತಿಗಾಗಿಯೇ ತಾನು ಗದರಿಸುವುದೆಂದು ಯಾವ ಅತ್ತೆ ತಾನೆ ನಂಬಿಲ್ಲ? ಪ್ಯೂರಿಟನ್ನರು ಸಾಗರವನ್ನು ದಾಟಿದುದು ನಂಬಿಕೆಯ ಸ್ವಾತಂತ್ರ್ಯವನ್ನು ಅರಸಿಯಲ್ಲ. ತಮ್ಮ ಸತ್ಯಕ್ಕೆ ಒಂದು ರಾಜ್ಯವನ್ನು ಅರಸಿ. ಲಾಡನು ಕುಳಿತಿದ್ದ ಪೀಠ ಅಧರ್ಮ್ಯವೆಂದು ಅವರಿಗೆ ಎಂದೂ ತೋರಿರಲಿಲ್ಲ. ಅದರಲ್ಲಿ ಕುಳಿತವನು ತಪ್ಪಿದವನೆಂದಷ್ಟೇ ತೋರಿತ್ತು.

ಪೀಠವನ್ನೇ ಎತ್ತಿಹಾಕಬೇಕೆಂದವನು ವಿಲಿಯಮ್ಸ್. 1636ರ ಜನವರಿಯಲ್ಲಿ, ತನ್ನನ್ನು ಇಂಗ್ಲೆಂಡಿಗೆ ಸಾಗಿಸಲು ಬರುವವರ ಕೈಗೆ ಸಿಕ್ಕದೆ ಹಿಮದ ನಡುವೆ ಸೇಲಮನ್ನು ತೊರೆದವನಿಗೆ ಆಸರೆಯಿತ್ತವರು ಅಲ್ಲಿನ ಮೂಲನಿವಾಸಿಗಳು. ಕ್ರೈಸ್ತರು ಕೊಡದ ನೆಲವನ್ನು ನ್ಯಾರಗಾನ್ಸೆಟ್ ಜನದ ನಾಯಕರಾದ ಕನಾನಿಕಸ್, ಮಿಯಾಂಟೊನೊಮಿ ಎಂಬವರು ಕೊಟ್ಟರು. ಅಲ್ಲಿ ಪ್ರಾವಿಡೆನ್ಸ್ ಎಂಬ ಊರು ಹುಟ್ಟಿತು. ಅದರ ಸುತ್ತ ರೋಡ್ ಐಲೆಂಡ್ ವಸಾಹತು ಬೆಳೆಯಿತು. ಈತನನ್ನು ಶ್ರದ್ಧೆ ಸಡಿಲವಾದ ಉದಾರಿಯೆಂದು ತಿಳಿಯಲಾಗದು. ಶ್ರದ್ಧೆಯಲ್ಲಿ ಕಾಟನ್ನನಿಗಿಂತಲೂ ಕಠಿನನು. ಬಲಾತ್ಕಾರದಿಂದ ಮಾಡಿಸಿದ ಆರಾಧನೆ ದೇವರಿಗೆ ದುರ್ಗಂಧವೆಂದು ನಂಬಿದವನಾದುದರಿಂದಲೇ ಅವನು ದಂಡಾಧಿಕಾರಿಯನ್ನು ದೇವಾಲಯದ ಹೊರಗೆ ನಿಲ್ಲಿಸಿದನು. 1644ರಲ್ಲಿ ಲಂಡನ್ನಿನಲ್ಲಿ ಅವನು ಅಚ್ಚು ಹಾಕಿಸಿದ ಗ್ರಂಥದಲ್ಲಿ ಆರಾಧನೆಯ ಈ ಸ್ವಾತಂತ್ರ್ಯ ಯೆಹೂದ್ಯರಿಗೂ ಮುಸಲ್ಮಾನರಿಗೂ ಬಹುದೇವಾರಾಧಕರಿಗೂ ಸಲ್ಲಬೇಕೆಂದು ಸಾಧಿಸಿದನು. ಪಾರ್ಲಿಮೆಂಟು ಅದನ್ನು ಸುಡಲು ಆಜ್ಞೆಯಿತ್ತಿತು.

1657ರಲ್ಲಿ ನೆರೆಯ ವಸಾಹತುಗಳವರು ರೋಡ್ ಐಲೆಂಡಿಗೆ ಪತ್ರ ಬರೆದು ಕ್ವೇಕರರನ್ನು ಅಟ್ಟಿರೆಂದು ಒತ್ತಾಯಿಸಿದಾಗ, ಬರಿಯ ಮಾತಿಗಾಗಿ ಯಾರನ್ನೂ ಶಿಕ್ಷಿಸುವ ಶಾಸನ ತಮ್ಮಲ್ಲಿಲ್ಲವೆಂದು ಉತ್ತರ ಹೋಯಿತು. 1663ರ ರಾಜಸನ್ನದಿನಲ್ಲಿ, ನಾಗರಿಕ ಶಾಂತಿಯನ್ನು ಕದಡದ ಯಾರಿಗೂ ಮತಾಭಿಪ್ರಾಯದ ಭೇದಕ್ಕಾಗಿ ಕಿರುಕುಳವಾಗಕೂಡದೆಂಬ ವಿಧಿಯೇ ಸೇರಿತು.

ಆದರೆ ಇದರ ನಿಜವಾದ ಪರೀಕ್ಷೆ ನಡೆದುದು 1672ರಲ್ಲಿ. ಕ್ವೇಕರರ ಸಿದ್ಧಾಂತಗಳು ವಿಲಿಯಮ್ಸನಿಗೆ ಸ್ವಲ್ಪವೂ ಸಹ್ಯವಾಗಿರಲಿಲ್ಲ. ಒಳಗಿನ ಬೆಳಕೆಂಬುದೊಂದನ್ನು ನಂಬಿ ಅವರು ಶಾಸ್ತ್ರವನ್ನು ಕಡೆಗಣಿಸುತ್ತಿರುವರೆಂಬುದು ಅವನ ಕೋಪ. ಆ ಪಂಥದ ಮೂಲಪುರುಷನಾದ ಜಾರ್ಜ್ ಫಾಕ್ಸನೇ ರೋಡ್ ಐಲೆಂಡಿಗೆ ಬಂದಿರುವನೆಂದು ಕೇಳಿ ಹದಿನಾಲ್ಕು ಆಕ್ಷೇಪಗಳನ್ನು ಬರೆದು ವಾದಕ್ಕೆ ಆಹ್ವಾನವಿತ್ತನು. ಎಪ್ಪತ್ತರ ಸಮೀಪದ ಆ ವೃದ್ಧನು ಪ್ರಾವಿಡೆನ್ಸಿನಿಂದ ನ್ಯೂಪೋರ್ಟಿಗೆ ಕೊಲ್ಲಿಯ ಉದ್ದಕ್ಕೂ ದಿನವೆಲ್ಲ ತಾನೇ ದೋಣಿಗೆ ಹುಟ್ಟು ಹಾಕಿಕೊಂಡು ಹೋಗಿ ತಲಪುವ ಹೊತ್ತಿಗೆ ಫಾಕ್ಸನು ಹೊರಟುಹೋಗಿದ್ದನು. ಅವನ ಶಿಷ್ಯರು ಮೂವರು ಎದುರು ನಿಂತರು. ಮೂರು ದಿನ ಕ್ವೇಕರರ ಸಭಾಗೃಹದಲ್ಲಿಯೇ ವಾದ ನಡೆಯಿತು. ಮತ್ತೊಂದು ದಿನ ಪ್ರಾವಿಡೆನ್ಸಿನಲ್ಲಿ ಮುಂದುವರಿಯಿತು. ಬಿರುನುಡಿಗಳು ಎರಡು ಕಡೆಯಿಂದಲೂ ಹಾರಿದುವು. ಆ ವರ್ಷ ವಸಾಹತಿನ ಗವರ್ನರನಾಗಿದ್ದವನು ನಿಕೊಲಸ್ ಈಸ್ಟನ್, ಸ್ವತಃ ಕ್ವೇಕರ್. ಅವನ ಆಡಳಿತದಲ್ಲಿ, ಅವನದೇ ಪಂಥದ ಸಭಾಗೃಹದಲ್ಲಿ ನಿಂತು ವಿಲಿಯಮ್ಸನು ಆ ಪಂಥವನ್ನು ಸುಳ್ಳೆಂದು ಸಾರಿದನು. ಯಾರೂ ಅವನ ಮೈ ಮುಟ್ಟಲಿಲ್ಲ. ತನ್ನ ವಾದವನ್ನು ಅವನು 1676ರಲ್ಲಿ ದೊಡ್ಡದೊಂದು ಗ್ರಂಥವಾಗಿ ಅಚ್ಚು ಹಾಕಿಸಿದನು. ಎರಡು ವರ್ಷಗಳಾದ ಮೇಲೆ ಫಾಕ್ಸನೂ ಅವನ ಸಂಗಡಿಗನೊಬ್ಬನೂ ಕೂಡಿ ಅಷ್ಟೇ ಖಾರವಾದ ಇನ್ನೊಂದು ಗ್ರಂಥದಲ್ಲಿ ಅದಕ್ಕೆ ಉತ್ತರ ಕೊಟ್ಟರು.