ಕೊಟ್ಟ ಮೇಲೆ ಯಾರದು?

ಮನೆಗೊಂದು ಮಗು ಬರುತ್ತದೆಂದು ತಿಳಿದೊಡನೆ ಹೆಂಗಸರ ಕೈ ಸುಮ್ಮನೆ ಕೂರುವುದಿಲ್ಲ. ಹಿಂದೆ ಹಳೆಯ ಹತ್ತಿ ಸೀರೆಗಳನ್ನು ಹುಡುಕಿ, ಒಗೆದು, ಹರಿದು ಮಡಿಸಿಡುತ್ತಿದ್ದರು. ಉತ್ತರ ಕರ್ನಾಟಕದ ಕಡೆ ಕೌದಿ ಹೊಲಿಯುತ್ತಿದ್ದರು. ಈಗ ನಮ್ಮ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಅಜ್ಜಿಯರಲ್ಲಿ ಕೆಲವರು ಕ್ರೋಶಾ ಕಡ್ಡಿ ಹಿಡಿದು ಮೊಲ ಹೆಣೆಯುತ್ತಾರೆ. ಒಂದಡಿ ಚೌಕದ ಮೆತ್ತನೆಯ ಹೊದಿಕೆ, ಅದರ ನಡುವೆ ಹತ್ತಿ ತುಂಬಿದ ಪುಟ್ಟ ತಲೆ, ಎರಡು ಜೋಲು ಕಿವಿ. ಹೊದೆಯಲು ಸಾಲದು, ಪೂರ್ತಿ ಬೊಂಬೆಯೂ ಅಲ್ಲ. ಮಗು ಮುಷ್ಟಿಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಳ್ಳಲೆಂದು ಮಾಡಿದ್ದು.

ಕೆಲಸ ಕಾಣುವಷ್ಟು ಸಣ್ಣದಲ್ಲ. ಬೆಂಗಳೂರಿನ ಹವೆಗೆ ಉಲ್ಲನ್ನಿಗಿಂತ ಹತ್ತಿಯ ದಾರವೇ ಹಿತ. ಹೆಣಿಗೆ ಸಡಿಲವಾದರೆ ಎಳೆಯ ಬೆರಳು ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಗುಂಡಿ ಹೊಲಿಯುವಂತಿಲ್ಲ, ಕಿತ್ತು ನುಂಗಿದರೆ ಅಪಾಯ; ದಾರದಲ್ಲೇ ಕಣ್ಣು ಬಿಡಿಸಬೇಕು. ವರ್ಷ ತುಂಬುವವರೆಗೆ ಮಲಗಿದ ಮಗುವಿನ ಪಕ್ಕ ಇಂಥದ್ದನ್ನು ಇಡಬೇಡಿ, ಉಸಿರು ಕಟ್ಟೀತು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಇಷ್ಟೆಲ್ಲ ಯೋಚಿಸಿ, ಕತ್ತು ನೋಯಿಸಿಕೊಂಡು ಹೆಣೆದದ್ದು ಸೂಟ್‌ಕೇಸಿನಲ್ಲಿ ದೇವನಹಳ್ಳಿಯ ವಿಮಾನ ಹತ್ತಿ ಪರದೇಶದ ಮೊಮ್ಮಗುವನ್ನು ತಲುಪುತ್ತದೆ. ಆಮೇಲೆ? ಮಗಳು ಹಾಳಾದೀತೆಂದು ಅದನ್ನು ಷೋಕೇಸಿನಲ್ಲಿಡಬಹುದು. ಮಗು ವಾರದಲ್ಲೇ ಕಿವಿ ಕೀಳಬಹುದು. ಅಥವಾ ಮೊಲವನ್ನು ಮೂಸಿಯೂ ನೋಡದೆ ಅಪ್ಪನ ಹಳೆಯ ಟವೆಲ್ಲನ್ನೇ ತಬ್ಬಿಕೊಳ್ಳಬಹುದು. ಹೆಣೆದವಳಿಗೆ ನೋವಾಗುತ್ತದೆ. ಆ ನೋವು ನ್ಯಾಯವೇ?

ಇಂಗ್ಲೆಂಡಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ 1953ರಲ್ಲಿ ಪ್ರಕಟಿಸಿದ ಲೇಖನವೊಂದು ಇಂಥ ವಸ್ತುಗಳನ್ನು ಕುರಿತದ್ದೇ. ನಿದ್ದೆಗೆ ಜಾರುವ ಹೊತ್ತಿನಲ್ಲಿ, ಒಂಟಿತನ ಕಾಡುವ ಹೊತ್ತಿನಲ್ಲಿ ಮಗು ಒಂದು ತುಂಡು ಬಟ್ಟೆಯನ್ನೋ ಬೊಂಬೆಯನ್ನೋ ತನ್ನದಾಗಿಸಿಕೊಳ್ಳುತ್ತದೆ. ಮುದ್ದಿಸುತ್ತದೆ, ಕಚ್ಚುತ್ತದೆ, ಎಳೆದಾಡುತ್ತದೆ. ಅದು ಎಲ್ಲವನ್ನೂ ತಾಳಿಕೊಂಡು ಉಳಿಯಬೇಕು. ಕೊಳೆಯಾಗಿ ನಾರಿದರೂ ತಾಯಿ ಒಗೆಯಲು ಹಿಂಜರಿಯುತ್ತಾಳೆ, ವಾಸನೆ ಹೋದರೆ ಮಗುವಿಗೆ ಅದು ಬೇರೆಯೇ ವಸ್ತು. ಅಂದರೆ ಹೊದಿಕೆಯನ್ನು ನಾವು ಹೆಣೆಯಬಹುದು, ಅದರ ಮೇಲಿನ ಅಕ್ಕರೆಯನ್ನು ಹೆಣೆಯಲಾಗದು. ಅದು ಮಗುವಿನ ಕೆಲಸ.

ಕ್ರೋಶಾ ಬಲ್ಲವರಿಗೆ ಇದು ಗೊತ್ತು: ಕೊನೆಯ ಕುಣಿಕೆ ಬಿಗಿದು ದಾರ ಕತ್ತರಿಸುವವರೆಗೆ ಇಡೀ ಹೆಣಿಗೆ ನಮ್ಮ ಅಧೀನ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿದ ಮೇಲೆ ಹಾಗಲ್ಲ. ದಾನ ಕೊಡುವಾಗ ನೀರು ಬಿಟ್ಟು, ಇನ್ನಿದು ನನ್ನದಲ್ಲ ಎನ್ನುವುದೂ ಹೀಗೆಯೇ.

ಇಲ್ಲಿಗೆ ನಿಲ್ಲಿಸಿದರೆ ಮಾತು ಅರ್ಧವಾಗುತ್ತದೆ. ಫಲ ಬಯಸಬೇಡ ಎಂಬ ಉಪದೇಶ ಹೆಂಗಸರಿಗೆ ಯಾವಾಗಲೂ ಧಾರಾಳವಾಗಿ ಸಿಕ್ಕಿದೆ. ಅಡಿಗೆ, ಬಾಣಂತನ, ಹೊಲಿಗೆ ಎಲ್ಲಕ್ಕೂ ‘ಮನೆಯಲ್ಲಿ ಕೂತು ಮಾಡುವುದು ತಾನೇ’ ಎಂಬ ಒಂದೇ ಬೆಲೆ. ಕ್ರೋಶಾ ಹೊಟ್ಟೆಪಾಡಾದ ಕಡೆಯೂ ಬೇರೆ ನ್ಯಾಯವಿರಲಿಲ್ಲ. ಆಂಧ್ರದ ನರಸಾಪುರದ ಹೆಂಗಸರು ಮನೆಯಲ್ಲಿ ಹೆಣೆದ ಲೇಸು ಪರದೇಶಗಳಿಗೆ ಹೋಗುತ್ತಿತ್ತು. ಜರ್ಮನಿಯ ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ಅದರ ಒಳಗನ್ನು ತೋರಿಸಿದರು: ಹೆಣೆಯುವವರನ್ನು ಕೆಲಸಗಾರರೆಂದು ಎಣಿಸದೆ, ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದು ಎಣಿಸಿ ಅತಿ ಕಡಿಮೆ ಕೂಲಿ ಕೊಡುತ್ತಿದ್ದರು, ಲಾಭ ವ್ಯಾಪಾರಿಗಳದಾಗುತ್ತಿತ್ತು.

ಆದ್ದರಿಂದ ಲೆಕ್ಕ ಕೇಳಲೇಬೇಕು. ಯಾರನ್ನು ಎಂಬುದೇ ಪ್ರಶ್ನೆ. ಅಂಗಡಿಯ ಕ್ರೋಶಾ ಬೊಂಬೆಯನ್ನೂ ಯಾರದೋ ಕೈ ಹೆಣೆದಿರುತ್ತದೆ. ಅದಕ್ಕೆ ಚೌಕಾಸಿ ಮಾಡುವ ನಾವು ಮೊದಲು ಉತ್ತರ ಕೊಡಬೇಕು. ‘ಸುಮ್ಮನೆ ಹೊತ್ತು ಹೋಗಲಿ ಅಂತ ಮಾಡ್ತಾಳೆ’ ಎನ್ನುವ ಗಂಡ ಉತ್ತರ ಕೊಡಬೇಕು. ‘ಅಮ್ಮಾ, ಎಷ್ಟು ದಿನ ಕೂತೆ?’ ಎಂದು ಮಗಳು ಕೇಳಬೇಕು. ಕೇಳದಿದ್ದರೆ ನೊಂದುಕೊಳ್ಳುವ ಹಕ್ಕು ನಮಗಿದೆ. ಮಗುವಿನ ಮೇಲೆ ಮಾತ್ರ ಆ ಸಾಲ ಹೊರಿಸಬಾರದು. ಕೇಳದೆ ಹುಟ್ಟಿದ ಜೀವಕ್ಕೆ, ಕೇಳದೆ ಕೊಟ್ಟ ವಸ್ತುವಿನ ಋಣವೇಕೆ?

ದೊಡ್ಡವರು ಕೊಡದ ಮನ್ನಣೆಯನ್ನು ಮಗುವಿನ ಪ್ರೀತಿಯಿಂದ ವಸೂಲು ಮಾಡಲು ಹೊರಟಾಗಲೇ ನಮ್ಮ ಅಕ್ಕರೆ ಭಾರವಾಗುವುದು. ಷೋಕೇಸಿನಿಂದ ಮೊಲವನ್ನು ಇಳಿಸಲು ಹೇಳೋಣ. ಕಿವಿ ಕಿತ್ತರೆ ಹೊಲಿದುಕೊಡೋಣ. ಟವೆಲ್ಲೇ ಬೇಕೆಂದರೆ ಟವೆಲ್ಲೇ ಇರಲಿ, ಮಗು ನೆಮ್ಮದಿಯಾಗಿ ಮಲಗಿತಲ್ಲ.