ಇಲ್ಲದ ಬೇವಿನ ಮರ

ಕಳೆದ ವರ್ಷ ಶಹಾಬಾದಿನಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ತೀರಿಕೊಂಡರು. ಇಪ್ಪತ್ತಾರು ವರ್ಷ ಒಂದೇ ಶಾಲೆಯಲ್ಲಿ ಪಾಠ ಹೇಳಿದವರು ನಾವು. ಸಂತಾಪ ಸಭೆಗೆ ಕನ್ನಡದಲ್ಲಿ ಒಂದು ಕವಿತೆ ಬರೆದು ತರಬೇಕೆಂದು ನನಗೆ ಹೇಳಿ ಕಳುಹಿಸಿದರು. ಊರಲ್ಲಿ ನನಗೆ ಶಾಯರ್ ಮಾಸ್ತರು ಎಂಬ ಹೆಸರಿದೆ. ಆ ಹೆಸರಿಗೆ ನಾನು ಎಷ್ಟು ಅರ್ಹನೋ ಅಲ್ಲಾಹನೇ ಬಲ್ಲ. ಎರಡು ರಾತ್ರಿ ಕುಳಿತೆ. ಒಂದು ಸಾಲೂ ಹೊಳೆಯಲಿಲ್ಲ.

ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗ ನನ್ನ ಪಾಡು ನೋಡಿ, "ಮಾಮು, ಅವರ ಬಗ್ಗೆ ನಾಲ್ಕು ಮಾತು ಹೇಳಿ, ಸಾಕು" ಎಂದ. ಹೇಳಿದೆ. ಗಣಿತದ ಮಾಸ್ತರು, ಕಟ್ಟುನಿಟ್ಟಿನ ಮನುಷ್ಯ, ಕಲ್ಲಿನ ಗಣಿಗಳಲ್ಲಿ ದುಡಿಯುವವರ ಮಕ್ಕಳಿಗೆ ಸಂಜೆ ಬಿಟ್ಟಿ ಪಾಠ ಹೇಳುತ್ತಿದ್ದರು. ಅವನು ಅದನ್ನು ಮೊಬೈಲಿಗೆ ಹೇಳಿದ. ನನ್ನ ಚಹಾ ಆರುವ ಮೊದಲೇ ಹದಿನಾರು ಸಾಲು ಸಿದ್ಧ. ಪ್ರಾಸವೂ ಇತ್ತು, ಲಯವೂ ಇತ್ತು. ಶಾಲೆಯ ಅಂಗಳದಲ್ಲಿ ಅವರು ನೆಟ್ಟ ಬೇವಿನ ಮರ ಇಂದು ಮಕ್ಕಳಿಗೆ ನೆರಳಾಗಿದೆ ಎಂಬ ಮಾತೂ ಇತ್ತು. ಅವರು ಮರ ನೆಟ್ಟದ್ದನ್ನು ನಾನು ಕಂಡಿರಲಿಲ್ಲ. ಕವಿತೆಯಲ್ಲಿ ಇಷ್ಟೆಲ್ಲ ನಡೆಯುತ್ತದೆ ಎಂದುಕೊಂಡೆ. ಎರಡು ಪದ ತಿದ್ದಿ, ಕೆಳಗೆ ನನ್ನ ಹೆಸರು ಬರೆದು ಸಭೆಯಲ್ಲಿ ಓದಿದೆ. ಹಲವರು ಕಣ್ಣೊರೆಸಿಕೊಂಡರು. ಅವರ ಮನೆಯವರು ಅದಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದರು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ನಾನು ಮಾಡಿದ್ದರಲ್ಲಿ ತಪ್ಪು ಯಾವುದು?

ಮೊದಲು ಹೊಳೆದ ಉತ್ತರ, ಬೇರೆಯವರದ್ದನ್ನು ಎತ್ತಿಕೊಂಡದ್ದೇ ತಪ್ಪು ಎಂಬುದು. ಆದರೆ ಇದು ನಿಲ್ಲುವ ಉತ್ತರವಲ್ಲ. 1980ರ ದಶಕದಲ್ಲಿ ಕ್ಯಾಸೆಟ್ಟುಗಳು ನಮ್ಮ ಕಡೆಯ ಓಣಿ ಓಣಿಗೂ ಬಂದವು. ಚಹಾದ ಅಂಗಡಿಯಲ್ಲೂ ಟೇಪ್ ರೆಕಾರ್ಡರ್, ಮದುವೆಯ ಮನೆಯಲ್ಲೂ ಟೇಪ್ ರೆಕಾರ್ಡರ್. ಆಗ ಜನಪ್ರಿಯವಾಗಿದ್ದ ಸಿನಿಮಾ ಹಾಡುಗಳ ಧಾಟಿಗೆ ನಾನೇ ಎಷ್ಟೋ ನಾತ್‌ಗಳನ್ನೂ ಶಾಲೆಯ ವಾರ್ಷಿಕೋತ್ಸವದ ಹಾಡುಗಳನ್ನೂ ಹೊಂದಿಸಿ ಕೊಟ್ಟಿದ್ದೇನೆ. ಹಾಗೆ ಮಾಡಬಹುದೇ ಎಂದು ಆಕ್ಷೇಪಿಸಿದ ಹಿರಿಯರೂ ಇದ್ದರು, ಅದು ಬೇರೆ ವಿಷಯ. ಆದರೆ ಅಲ್ಲಿ ಯಾರಿಗೂ ಮೋಸವಾಗಲಿಲ್ಲ. ಧಾಟಿ ಎಲ್ಲಿಯದೆಂದು ಕೇಳಿದವರಿಗೆಲ್ಲ ಗೊತ್ತಿತ್ತು.

ಇನ್ನೂ ಹಿಂದಕ್ಕೆ ಹೋಗೋಣ. ನನ್ನ ದಾದಿ ನಸುಕಿನಲ್ಲಿ ಜೋಳ ಬೀಸುತ್ತಾ ದಖ್ಖನಿಯಲ್ಲಿ ಹಾಡುತ್ತಿದ್ದರು. ಅಂತಹ ಹಾಡುಗಳಿಗೆ ಚಕ್ಕಿನಾಮಾ ಎನ್ನುತ್ತಾರೆ. ಬೀಸುವ ಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ, ತಿರುಗುವ ಕಲ್ಲಿನ ಜೊತೆಗೇ ಅಲ್ಲಾಹನ ಸ್ಮರಣೆಯನ್ನು ಕಲಿಸುವ ಹಾಡುಗಳವು. 1422ರಲ್ಲಿ ಕಲಬುರಗಿಯಲ್ಲಿ ನಿಧನರಾದ ಖ್ವಾಜಾ ಬಂದೇನವಾಝರ ಹೆಸರಿನಲ್ಲೂ ಒಂದು ಚಕ್ಕಿನಾಮಾ ಇದೆ. ಅದು ನಿಜವಾಗಿ ಅವರದೇ ಎಂಬುದನ್ನು ವಿದ್ವಾಂಸರು ಸಂಶಯಿಸುತ್ತಾರೆ. ದಾದಿಗೆ ಆ ಸಂಶಯದ ಗೊಡವೆಯೇ ಇರಲಿಲ್ಲ. ಅವರು ತಮ್ಮ ತಾಯಿಯಿಂದ ಕೇಳಿದ್ದನ್ನು ಹಾಡಿದರು, ಮರೆತ ಕಡೆ ತಮ್ಮದೊಂದು ಸಾಲು ಸೇರಿಸಿದರು. ಯಾವುದಕ್ಕೂ ಹೆಸರು ಹಾಕಲಿಲ್ಲ.

ಹೆಸರಿನ ಮಾತು ಬಂದಾಗ ನನಗೆ ಮಳಖೇಡ ನೆನಪಾಗುತ್ತದೆ. ಸೇಡಂ ತಾಲೂಕಿನ ಆ ಊರು ನಮ್ಮದೇ ಕಾಗಿಣಾ ನದಿಯ ದಂಡೆಯ ಮೇಲಿದೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಊರಿನ ಆಸ್ಥಾನದಲ್ಲಿಯೇ, ಕನ್ನಡದಲ್ಲಿ ಇಂದು ನಮಗೆ ಸಿಕ್ಕಿರುವ ಮೊತ್ತಮೊದಲ ಗ್ರಂಥವಾದ 'ಕವಿರಾಜಮಾರ್ಗ' ಹುಟ್ಟಿತು. ಅದನ್ನು ಬರೆದವನು ಅರಸ ನೃಪತುಂಗನೋ, ಆಸ್ಥಾನದ ಕವಿ ಶ್ರೀವಿಜಯನೋ ಎಂದು ಪಂಡಿತರು ಬಹುಕಾಲ ವಾದಿಸಿದರು. ಇಂದು ಹೆಚ್ಚಿನವರ ಒಲವು ಶ್ರೀವಿಜಯನ ಕಡೆಗಿದೆ. ನನಗೆ ಮೆಚ್ಚುಗೆಯಾದದ್ದು ಬೇರೊಂದು ಅಂಶ. ಇದಕ್ಕೆ ಅರಸನ ಸಮ್ಮತಿಯಿದೆ ಎಂಬ ಮಾತು ಗ್ರಂಥದೊಳಗೇ ಇದೆ. ಬರೆಯುವುದು ಬೇರೆ, ಒಪ್ಪುವುದು ಬೇರೆ ಎಂಬ ವಿವೇಕ ಸಾವಿರದ ನೂರು ವರ್ಷಗಳಾಚೆಗೂ ಇತ್ತು. ನಾನು ಮೊಬೈಲು ಬರೆದದ್ದನ್ನು ಒಪ್ಪಿದೆ ಅಷ್ಟೇ, ಆದರೆ ಬರೆದೆ ಎಂದು ಹೇಳಿಕೊಂಡೆ.

ತಾವು ಮಾಡದ ಕೆಲಸಕ್ಕಾಗಿ ಹೊಗಳಿಸಿಕೊಳ್ಳಬಯಸುವವರ ಕುರಿತು ಪವಿತ್ರ ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯದಲ್ಲಿ ಕಠಿಣವಾದ ಎಚ್ಚರಿಕೆಯಿದೆ. ತನಗೆ ದೊರೆಯದ್ದನ್ನು ದೊರೆತಂತೆ ಮೆರೆಸುವವನನ್ನು ಪ್ರವಾದಿ(ಸ) ಸುಳ್ಳಿನ ಎರಡು ಉಡುಪು ಧರಿಸಿದವನಿಗೆ ಹೋಲಿಸಿದ್ದಾರೆ. ಮಕ್ಕಳಿಗೆ ಎಷ್ಟೋ ಸಲ ವಿವರಿಸಿದ ಹದೀಸ್ ಇದು. ಆ ಉಡುಪು ನನ್ನ ಮೈಮೇಲೆಯೇ ಇದೆಯೆಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಇಷ್ಟಾದರೂ ಮನಸ್ಸು ಒಂದು ತಕರಾರು ತೆಗೆಯುತ್ತದೆ. ಸ್ವತಃ ಬರೆದ ಕವಿತೆಯಾದರೂ ನಿನ್ನದೇನು? ಕನ್ನಡದಲ್ಲಿ ನಾವು 'ನನಗೆ ಹೊಳೆಯಿತು' ಎನ್ನುತ್ತೇವೆ. ನಾನು ಹೊಳೆಸಿದೆ ಎಂದು ಯಾರೂ ಹೇಳುವುದಿಲ್ಲ. ಉರ್ದು ಕಾವ್ಯಚರ್ಚೆಯಲ್ಲಿ ತಾನಾಗಿ ಬಂದದ್ದಕ್ಕೆ ಆಮದ್ ಎಂದೂ ಶ್ರಮದಿಂದ ತಂದದ್ದಕ್ಕೆ ಆವುರ್ದ್ ಎಂದೂ ಹೆಸರಿದೆ. ಮೆಚ್ಚುವುದು ಮಾತ್ರ ಆಮದನ್ನೇ. ತಾನಾಗಿ ಬಂದದ್ದು ಅಲ್ಲಾಹನ ಕೊಡುಗೆಯಾದರೆ, ಅದಕ್ಕೆ ಹೆಸರು ಹಾಕುವುದು ಸರಿ, ಮೊಬೈಲಿನಿಂದ ಬಂದದ್ದಕ್ಕೆ ಹಾಕುವುದು ತಪ್ಪು ಎಂಬುದು ಯಾವ ನ್ಯಾಯ?

ತಕರಾರು ಹಗುರವಾದದ್ದಲ್ಲ. ಬಹಳ ದಿನ ಇದನ್ನೇ ಯೋಚಿಸಿದೆ. ತಾನಾಗಿ ನುಡಿಯುವ ಯಂತ್ರ ಹೊಸದೂ ಅಲ್ಲ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಸಹೋದರರು ತಾನೇ ನುಡಿಯುವ ಕೊಳಲಿನ ಯಂತ್ರವನ್ನು ವಿವರಿಸಿದ್ದರು. 1206ರಲ್ಲಿ ಮುಗಿದ ಅಲ್ ಜಝರಿಯ ಗ್ರಂಥದಲ್ಲಿ ದೋಣಿಯಲ್ಲಿ ಕುಳಿತು ವಾದ್ಯ ನುಡಿಸುವ ಗೊಂಬೆಗಳಿವೆ. ಆ ಗೊಂಬೆಗಳು ಸುಳ್ಳು ಹೇಳಲಿಲ್ಲ, ಹೇಳಲು ಅವಕ್ಕೆ ಬಾರದು. 2022ರ ಕೊನೆಯಲ್ಲಿ ಜನಸಾಮಾನ್ಯರ ಕೈಗೆ ಬಂದ ಈ ಮಾತಾಡುವ ಯಂತ್ರದ ಬಗೆಯೂ ನನ್ನ ಅಳಿಯ ವಿವರಿಸಿದಂತೆ ಇಷ್ಟೇ. ರಾಶಿ ರಾಶಿ ಬರಹಗಳನ್ನು ಅದಕ್ಕೆ ಓದಿಸಿರುತ್ತಾರೆ. ಯಾವ ಪದದ ಬೆನ್ನಿಗೆ ಯಾವ ಪದ ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕಿ ಅದು ಜೋಡಿಸುತ್ತಾ ಹೋಗುತ್ತದೆ. ಮಾಸ್ತರು ತೀರಿಕೊಂಡರು ಎಂದ ಮೇಲೆ ಅವರು ಮರ ನೆಟ್ಟಿರಲೇಬೇಕು! ಲೆಕ್ಕ ಸರಿಯೇ. ಮರವೇ ಇಲ್ಲ.

ನನಗೆ ದಾರಿ ತೋರಿಸಿದ್ದು ಆ ಮರವೇ. ಒಂದು ಜನಾಝಾ ಸಾಗುತ್ತಿದ್ದಾಗ ಜನರು ಮೃತನನ್ನು ಒಳ್ಳೆಯವನೆಂದು ಹೊಗಳಿದರು. ಆಗ ಪ್ರವಾದಿ(ಸ), ಭೂಮಿಯಲ್ಲಿ ನೀವು ಅಲ್ಲಾಹನ ಸಾಕ್ಷಿಗಳು ಎಂಬ ಅರ್ಥದ ಮಾತು ಹೇಳಿದರೆಂದು ಹದೀಸಿನಲ್ಲಿದೆ. ಹಾಗಾದರೆ ಮೃತರ ಕುರಿತು ನಾನಾಡುವುದು ಬರಿಯ ಕವಿತೆಯಲ್ಲ, ಸಾಕ್ಷ್ಯ. ಮಾತು ಎಲ್ಲಿಂದ ಬಂತೆಂಬುದಕ್ಕಿಂತ, ಅದನ್ನು ಕಂಡವನು ಯಾರು, ಕೇಳಿದರೆ ಉತ್ತರ ಕೊಡುವವನು ಯಾರು ಎಂಬುದು ದೊಡ್ಡದು. ಹೊಳೆದ ಸಾಲನ್ನಾದರೂ ನಾನು ಕಂಡದ್ದರೊಡನೆ ತಾಳೆ ನೋಡಿಯೇ ಬರೆಯಬೇಕು. ಆ ಹದಿನಾರು ಸಾಲುಗಳನ್ನು ಹಾಗೆ ನೋಡಲಿಲ್ಲ. ನೋಡಿದರೂ ಬೇವಿನ ಮರವನ್ನು ಬಿಟ್ಟುಬಿಟ್ಟೆ, ಓದಲು ಚೆನ್ನಾಗಿತ್ತಲ್ಲ! ಕವಿಗಳು ತಾವು ಮಾಡದ್ದನ್ನು ಹೇಳುತ್ತಾರೆಂದು ಅಶ್ಶುಅರಾ ಅಧ್ಯಾಯ ಹೇಳುವಾಗ ಸಜ್ಜನರನ್ನು ಹೊರತುಪಡಿಸಿದೆ. ಆ ಹೊರತಾದವರಲ್ಲಿ ಸೇರುವುದು ಎಷ್ಟು ಕಷ್ಟವೆಂದು ಈಗ ತಿಳಿಯಿತು.

ಕಳೆದ ರಮಝಾನಿಗೆ ಮೊದಲು ಅವರ ಮನೆಗೆ ಹೋಗಿದ್ದೆ. ಚಹಾ ತಂದಿಟ್ಟ ಭಾಬಿ ಗೋಡೆಯ ಕಡೆ ನೋಡುತ್ತಾ, "ಭಾಯಿಸಾಬ್, ಮೊನ್ನೆ ಮೊಮ್ಮಗನನ್ನು ಕರೆದುಕೊಂಡು ಶಾಲೆಗೆ ಹೋಗಿದ್ದೆ. ಅಲ್ಲಿ ಮೂರು ಬೇವಿನ ಮರ ಇವೆ. ಇವರು ನೆಟ್ಟದ್ದು ಯಾವುದು?" ಎಂದು ಕೇಳಿದರು.

ಒಂದನ್ನು ತೋರಿಸಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಮೊಬೈಲು, ಎರಡು ಪದ, ಹೆಸರು, ಮರ, ಯಾವುದನ್ನೂ ಬಿಡಲಿಲ್ಲ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನನಗೂ ಆಶ್ಚರ್ಯವಾಗಿತ್ತು. ಮನೆಯ ಗುಲಾಬಿ ಗಿಡಕ್ಕೆ ಒಂದು ದಿನವೂ ನೀರು ಹಾಕಿದವರಲ್ಲ. ಶಾಲೆಯಲ್ಲಾದರೂ ಮರ ನೆಟ್ಟಿದ್ದರಲ್ಲ ಅಂತ ಖುಷಿಪಟ್ಟಿದ್ದೆ."

ಚೌಕಟ್ಟನ್ನು ಅವರು ಕೆಳಗಿಳಿಸಲಿಲ್ಲ, ನಾನೂ ಕೇಳಲಿಲ್ಲ. ಮೊಮ್ಮಗನಿಂದ ಪೆನ್ನು ತರಿಸಿ, ಗಾಜು ತೆಗೆದು, ನನ್ನ ಹೆಸರನ್ನೂ ಮರದ ಸಾಲನ್ನೂ ಹೊಡೆದುಹಾಕಿ ಬಂದೆ. ಆ ಹುಡುಗ ಇನ್ನೂ ಆ ಮೂರರಲ್ಲಿ ಒಂದನ್ನು ದಾದಾನ ಮರ ಎಂದೇ ಕರೆಯುತ್ತಾನಂತೆ.