ಆಟದ ವಿಮಾನ ಮತ್ತು ಅನರ್ಥದಂಡ

ಗೃಹಸ್ಥನಿಗೆ ಸಂಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂಬುದನ್ನು ನಮ್ಮ ಆಚಾರ್ಯರು ಎಂದೂ ಮರೆಮಾಚಲಿಲ್ಲ. ಅಡುಗೆ, ಬೇಸಾಯ, ವ್ಯಾಪಾರ, ಮನೆ ಕಟ್ಟುವಿಕೆ, ಇವೆಲ್ಲದರಲ್ಲಿಯೂ ಜೀವಹಾನಿ ಇದ್ದೇ ಇದೆ. ಶ್ರಾವಕನಿಂದ ಅವರು ಕೇಳಿದ್ದು ಬೇರೊಂದನ್ನು: ಯಾವ ಪ್ರಯೋಜನವೂ ಇಲ್ಲದೆ ಆಗುವ ಹಿಂಸೆಯನ್ನಾದರೂ ಬಿಡು ಎಂದು. ಇದೇ ಮೂರು ಗುಣವ್ರತಗಳಲ್ಲಿ ಒಂದಾದ ಅನರ್ಥದಂಡ ವಿರತಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಕೊನೆಯದಾದ ಪ್ರಮಾದಚರ್ಯೆಯಲ್ಲಿ ನೆಲ, ನೀರು, ಬೆಂಕಿಗಳ ಜೊತೆಗೆ ಗಾಳಿಯನ್ನು ವ್ಯರ್ಥವಾಗಿ ಕಲಕುವುದನ್ನೂ, ತಾನು ನಿಷ್ಕಾರಣವಾಗಿ ಅಲೆಯುವುದನ್ನೂ, ಇತರರನ್ನು ಅಲೆಸುವುದನ್ನೂ ಸೇರಿಸಿದ್ದಾರೆ.

ಈ ಹಳೆಯ ವಿಂಗಡಣೆಯನ್ನು ಈಗ ನೆನೆಯಲು ಕಾರಣವಾದದ್ದು ಒಂದು ಆಟದ ವಸ್ತು. ಫೋಮಿನಿಂದ ಮಾಡಿದ, ರೇಡಿಯೊ ರಿಮೋಟಿನಿಂದ ನೆಲದಲ್ಲಿ ನಿಂತೇ ಹಾರಿಸಬಹುದಾದ ವಿಮಾನದ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಮನೆಗೆ ಬರುತ್ತವೆ; ಅವನ್ನು ಜೋಡಿಸಿಕೊಳ್ಳುವುದು ಹುಡುಗರ ಕೆಲಸ. ನಮ್ಮ ಬಸದಿಯ ಖಾಲಿ ನಿವೇಶನದಲ್ಲಿ ಅಂತಹದೊಂದನ್ನು ಹಾರಿಸಲು ಕೆಲವು ಹುಡುಗರು ಅನುಮತಿ ಕೇಳಿದಾಗ ಹಿರಿಯರೊಬ್ಬರು, "ಇದು ಅನರ್ಥದಂಡವಲ್ಲವೇ? ಗಾಳಿಯ ಜೀವಗಳ ಗತಿಯೇನು?" ಎಂದು ಪ್ರಶ್ನಿಸಿದರು. ಅವರು ಪ್ರಶ್ನಿಸಿದ್ದು ಫ್ಯಾನಿನ ಕೆಳಗೆ ಕುಳಿತು ಎಂಬುದನ್ನು ಕಂಡು ಹುಡುಗರು ನಕ್ಕರು. ನಗಬೇಕಾದ ಪ್ರಶ್ನೆ ಅದಲ್ಲ. ಫ್ಯಾನು ಸೆಕೆಯನ್ನು ನೀಗುತ್ತದೆ, ಅದಕ್ಕೆ ಅರ್ಥವಿದೆ. ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುವ ಈ ಪ್ರೊಪೆಲರಿಗೆ ಯಾವ ಅರ್ಥವಿದೆ?

ನಮ್ಮಂತಹ ವರ್ತಕರು ಇಲ್ಲಿ ಎಡವುವ ಸಂಭವ ಹೆಚ್ಚು. ಅರ್ಥವೆಂದರೆ ಹಣವೆಂದು ತಿಳಿದವನಿಗೆ ಆದಾಯ ತಾರದ ಸಕಲವೂ ಅನರ್ಥವಾಗಿಯೇ ಕಾಣುತ್ತದೆ. ಹಾಗಾದರೆ ಸಂಗೀತವೂ ಚಿತ್ರಕಲೆಯೂ ಅನರ್ಥವಾಗಬೇಕಾಯಿತು. ಲಾಭ ತರುವ ಮೋಸದ ತೂಕವು ಅರ್ಥವಾಗಬೇಕಾಯಿತು. ವ್ರತದಲ್ಲಿನ ಅರ್ಥವು ಈ ಅರ್ಥವಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನು ಇಟ್ಟಿದ್ದಾರೆ. ಆದ್ದರಿಂದ ಕೆಲಸವೊಂದು ಮನುಷ್ಯನ ಪ್ರಮಾದವನ್ನು ಹೆಚ್ಚಿಸುತ್ತದೆಯೋ ತಗ್ಗಿಸುತ್ತದೆಯೋ ಎಂದು ಮೊದಲು ನೋಡಬೇಕು.

ಆ ದೃಷ್ಟಿಯಿಂದ ಜೋಡಣೆಯನ್ನು ನಾನು ಹತ್ತಿರ ಕುಳಿತು ನೋಡಿದೆ. ಪೆಟ್ಟಿಗೆಯಲ್ಲಿ ರೆಕ್ಕೆಯ ಎರಡು ಭಾಗಗಳು, ಒಡಲು, ಬಾಲ, ರೆಕ್ಕೆಗೆ ಬಲ ಕೊಡುವ ಕಾರ್ಬನ್ ಸರಳು, ಮೋಟರು, ಪಟ್ಟಿಗಳನ್ನು ಆಡಿಸುವ ಸರ್ವೊ ಎಂಬ ಪುಟ್ಟ ಯಂತ್ರಗಳು ಇದ್ದವು. ಸೂಚನಾ ಪುಸ್ತಿಕೆಯನ್ನು ಕೊನೆಯವರೆಗೆ ಓದದೆ ಅಂಟಿನ ಮುಚ್ಚಳ ತೆಗೆಯಬಾರದು. ಏಕೆಂದರೆ ಕ್ಷಣದಲ್ಲಿ ಹಿಡಿಯುವ ಸಾಧಾರಣ ಅಂಟು ಇ.ಪಿ.ಪಿ. ಎಂಬ ಬಾಗುವ ಫೋಮಿಗೆ ಒಗ್ಗುತ್ತದೆ. ಅದನ್ನೇ ಥರ್ಮೋಕೋಲಿಗೆ ಹಚ್ಚಿದರೆ ಥರ್ಮೋಕೋಲು ಕರಗಿ ಗುಳಿ ಬೀಳುತ್ತದೆ. (ಬಡಗಿಗಳು ಹಿಂದೆ ಕಾಯಿಸಿ ಬಳಸುತ್ತಿದ್ದ ಅಂಟು ಪ್ರಾಣಿಗಳ ಚರ್ಮ, ಮೂಳೆಗಳಿಂದ ಆದದ್ದು. ಇಂದಿನ ರಾಸಾಯನಿಕ ಅಂಟಿನಲ್ಲಿ ಆ ದೋಷವಾದರೂ ಇಲ್ಲ.) ಸರ್ವೊವನ್ನು ಮೊದಲು ಮಧ್ಯಸ್ಥಾನಕ್ಕೆ ತಂದು ನಿಲ್ಲಿಸಿ, ಅನಂತರವೇ ಅದರ ತೋಳನ್ನು ಕೂಡಿಸಬೇಕು. ರಿಮೋಟಿನ ಕಡ್ಡಿಯನ್ನು ಬಲಕ್ಕೆ ಸರಿಸಿದರೆ ಬಲ ರೆಕ್ಕೆಯ ಹಿಂಬದಿಯ ಪಟ್ಟಿ ಮೇಲೇಳಬೇಕು, ಎಡದ್ದು ತಗ್ಗಬೇಕು. ಇದು ತಿರುಗುಮುರುಗಾಗಿದ್ದರೆ ಮೇಲೆದ್ದ ವಿಮಾನ ಕ್ಷಣಾರ್ಧದಲ್ಲಿ ನೆಲ ಸೇರುತ್ತದೆ. ಈ ಪರೀಕ್ಷೆಗಳೆಲ್ಲ ಮುಗಿಯುವ ತನಕ ಪ್ರೊಪೆಲರನ್ನು ಹಾಕುವಂತಿಲ್ಲ; ಮೋಟರು ಅಕಸ್ಮಾತ್ತಾಗಿ ತಿರುಗಿದರೆ ಬೆರಳು ಸೀಳುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ತೂಕದ ಪರೀಕ್ಷೆ. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲುಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಸಾಮಾನ್ಯವಾಗಿ ಒಂದು ಗುರುತಿರುತ್ತದೆ. ಅಲ್ಲಿ ಎರಡು ಬೆರಳ ತುದಿಗಳ ಮೇಲೆ ವಿಮಾನವನ್ನು ಎತ್ತಿ ಹಿಡಿದರೆ ಅದು ತಕ್ಕಡಿಯಂತೆ ಸಮವಾಗಿ ನಿಲ್ಲಬೇಕು. ನಿಲ್ಲದಿದ್ದರೆ ಬ್ಯಾಟರಿಯನ್ನು ಹಿಂದಕ್ಕೋ ಮುಂದಕ್ಕೋ ಸರಿಸಬೇಕು. ಮೂಗು ತುಸು ಭಾರವಾದರೆ ವಿಮಾನ ಹೇಗೋ ಹಾರುತ್ತದೆ. ಬಾಲ ಭಾರವಾದರೆ ಹಾರಿಸುವವನ ಕೈ ಮೀರುತ್ತದೆ. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಎಂಬ ಆದಾನ ನಿಕ್ಷೇಪಣ ಸಮಿತಿಯನ್ನು ಮುನಿಗಳಿಗೆ ಹೇಳಿದೆಯಾದರೂ, ಗೃಹಸ್ಥನ ಮಗನು ಅದರ ಛಾಯೆಯನ್ನು ಕಲಿಯಲು ಆ ಜಮಖಾನೆಯ ಮೇಲಿನ ಎರಡು ದಿನಗಳು ಸಾಕು. ಪೆಟ್ಟಿಗೆ ತೆರೆದೊಡನೆ ಹಾರುವ ಸಿದ್ಧ ವಿಮಾನಕ್ಕಿಂತ ಬಿಡಿಭಾಗಗಳ ಪೆಟ್ಟಿಗೆಯೇ ಮೇಲೆಂದು ನಾನು ಹೇಳುವುದು ಇದಕ್ಕಾಗಿ. ಆದರೆ ಈ ಕಲಿಕೆಗೂ ಸವಕಳಿ ಉಂಟು. ಮೊದಲ ವಿಮಾನದಲ್ಲಿ ಅದು ಪೂರ್ಣ, ಎರಡನೆಯದರಲ್ಲಿ ಅರ್ಧ. ಐದನೆಯದನ್ನು ತರಿಸುವವನು ಕಲಿಕೆಯ ಹೆಸರು ಹೇಳಬಾರದು. ಬೇಕಾದುದಕ್ಕಿಂತ ಹೆಚ್ಚು ಭೋಗಸಾಮಗ್ರಿ ಕೂಡಿಸುವುದನ್ನು ಇದೇ ವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ.

ಇಂದು ಆಟದ ವಿಮಾನ, ನಾಳೆ ಯುದ್ಧದ ವಿಮಾನ, ಆದುದರಿಂದ ಇದು ಹಿಂಸಾದಾನ ಎಂಬ ಆಕ್ಷೇಪವೂ ಬಂದಿತು. ಇದಕ್ಕೆ ನಮ್ಮ ಸಮಾಜದೊಳಗಿನದೇ ಒಂದು ನಿದರ್ಶನವಿದೆ. ಸೊಲ್ಲಾಪುರದ ಜೈನ ಕುಟುಂಬದಲ್ಲಿ 1882ರಲ್ಲಿ ಜನಿಸಿದ ವಾಲ್‌ಚಂದ್ ಹೀರಾಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಸಹಯೋಗದಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಅಲ್ಲಿಂದ ಮೊದಲು ಹಾರಿದ್ದು, 1941ರಲ್ಲಿ, ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸಿದ ಹಾರ್ಲೋ ಎಂಬ ತರಬೇತಿ ವಿಮಾನ. ಅದೂ ಒಂದು ಪೆಟ್ಟಿಗೆಯ ಜೋಡಣೆಯೇ ಸರಿ. ಆಗ ಮಹಾಯುದ್ಧ ನಡೆಯುತ್ತಿತ್ತು. 1942ರಲ್ಲಿ ಸರ್ಕಾರವು ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡಿತು. ಅದರ ಉತ್ತರಾಧಿಕಾರಿಯಾದ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ನಮ್ಮ ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಉದ್ಘಾಟನೆಯಾಯಿತು. ನಮ್ಮ ಹುಡುಗರು ಅಲ್ಲಿ ನೌಕರಿ ಬಯಸಿದರೆ ತಡೆಯುವವರು ಯಾರು? ದೇಶರಕ್ಷಣೆಯ ವಿರೋಧಿ ಹಿಂಸೆಯನ್ನು ಗೃಹಸ್ಥನು ಪೂರ್ಣ ತ್ಯಜಿಸಲಾರನೆಂದು ಶಾಸ್ತ್ರವೇ ಒಪ್ಪಿದೆ. ಅಷ್ಟು ದೂರದ ಫಲಕ್ಕೆ ಫೋಮಿನ ರೆಕ್ಕೆಯನ್ನು ಹೊಣೆ ಮಾಡುವುದು ನ್ಯಾಯವಲ್ಲ. ಕೈಯಳತೆಯಲ್ಲಿಯೇ ನಡೆಯಬಹುದಾದ ಹಿಂಸೆಯನ್ನು ಬಿಟ್ಟು ಹತ್ತು ವರ್ಷದಾಚೆಯದನ್ನು ಚರ್ಚಿಸುವುದು ನಮಗೆಲ್ಲ ಸುಲಭವಾದ ಅಭ್ಯಾಸ.

ಆ ಹತ್ತಿರದ ಹಿಂಸೆ ಇರುವುದು ಹಾರಿಸುವ ಜಾಗದಲ್ಲಿ. ಬಯಲೆಂದರೆ ಬರಿದು ಎಂದು ನಮ್ಮ ಭಾವನೆ. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ. ಬೇಸಿಗೆಯಿಂದ ಮಳೆಗಾಲದವರೆಗೆ ಒಣಗಿದ ಕೆರೆಯಂಗಳದಲ್ಲಿ, ಬೀಳು ಹೊಲದಲ್ಲಿ, ಕಲ್ಲುಗಳ ನಡುವೆ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಮಣ್ಣಿನ ಬಣ್ಣದ ಆ ಮೊಟ್ಟೆ ಹತ್ತು ಹೆಜ್ಜೆ ದೂರದಿಂದ ಕಾಣದು. ಚಕ್ರವಿಲ್ಲದ ಫೋಮ್ ವಿಮಾನ ಇಳಿಯುವುದು ಅಂತಹ ನೆಲದ ಮೇಲೆ ಹೊಟ್ಟೆ ಉಜ್ಜಿಕೊಂಡು. ಮಳೆಗಾಲದಲ್ಲಿ ತೆಂಗಿನ ಗರಿಗೆ ಗೀಜಗಗಳ ಗೂಡುಗಳು ತೂಗುತ್ತಿರುತ್ತವೆ. ಮಳೆಯ ನಂತರ ಕೆರೆಯಲ್ಲಿ ನೀರು ನಿಂತರೆ ವಲಸೆಯ ಹಕ್ಕಿಗಳು. ಹದ್ದನ್ನು ಬೆನ್ನಟ್ಟಿ ಹಾರಿಸುವುದು ಕೆಲವರಿಗೆ ವಿನೋದ. ಅದು ಪ್ರಮಾದವನ್ನೂ ದಾಟಿ ಸಂಕಲ್ಪ ಹಿಂಸೆಯ ಹೊಸ್ತಿಲನ್ನು ಮುಟ್ಟುತ್ತದೆ.

ಇವೆಲ್ಲವನ್ನೂ ಕಳೆದರೆ ಉಳಿಯುವುದು ರಾಗಿ ಕೊಯ್ಲಾದ ಹೊಲ, ಪುಷ್ಯ ಮಾಘಗಳ ಎರಡು ತಿಂಗಳು, ಬೆಳಗಿನ ಹೊತ್ತು. ಅದೂ ಒಮ್ಮೆ ಹೊಲವನ್ನೆಲ್ಲ ನಡೆದು ನೋಡಿದ ಮೇಲೆ. ಎತ್ತರಕ್ಕೂ ಮೇರೆ ಬೇಕು. 2021ರ ಡ್ರೋನ್ ನಿಯಮಗಳು ಹಸಿರು ವಲಯದಲ್ಲಿ 400 ಅಡಿಗಳ ಮೇರೆಯನ್ನು ಗುರುತಿಸಿ, ಇಂತಹ ಮಾದರಿ ವಿಮಾನವು ಕಣ್ಣಳತೆಯಲ್ಲಿಯೇ ಇರಬೇಕೆಂದಿವೆ. ವಿಸ್ಮಯವೆಂದರೆ, ಮನುಷ್ಯನು ಹಾರುವುದನ್ನು ಅರಿಯದಿದ್ದ ಕಾಲದಲ್ಲಿಯೇ ದಿಗ್ವ್ರತದ ಅತಿಚಾರಗಳಲ್ಲಿ ಊರ್ಧ್ವದಿಕ್ಕಿನ ಮೇರೆ ಮೀರುವುದನ್ನು ಮೊದಲಾಗಿ ಹೇಳಿದ್ದಾರೆ. ಸರ್ಕಾರ ಹೇಳಿದ 400 ಅಡಿಯನ್ನು ಹುಡುಗನು ತಾನಾಗಿ 100ಕ್ಕೆ ಇಳಿಸಿಕೊಂಡರೆ ಅದು ಅವನ ಮೊದಲ ಗುಣವ್ರತವೇ ಆದೀತು.

ಕೊಬ್ಬರಿಯ ಮನೆಗಳವರಿಗೆ ಇನ್ನೊಂದು ಮಾತು. ಈ ವಿಮಾನಗಳ ಲಿಥಿಯಂ ಬ್ಯಾಟರಿ ಪೆಟ್ಟು ತಿಂದರೆ ಅಥವಾ ಮಿತಿಮೀರಿ ಚಾರ್ಜಾದರೆ ಹೊತ್ತಿ ಉರಿಯುತ್ತದೆ, ಸುಲಭವಾಗಿ ಆರದು. ವರ್ಷದ ಉಂಡೆ ಕೊಬ್ಬರಿ ಒಣಗುತ್ತಿರುವ ಅಟ್ಟದ ಕೆಳಗೆ ಅದನ್ನು ಚಾರ್ಜಿಗಿಟ್ಟು ಮಲಗುವುದು ವಿವೇಕವಲ್ಲ. ಮುರಿದು ಬಿದ್ದ ಫೋಮಿನ ಚೂರುಗಳನ್ನು ಹೆಕ್ಕಿ ತರದಿದ್ದರೆ ಅವು ಹಸುವಿನ ಹೊಟ್ಟೆ ಸೇರುತ್ತವೆ.

ನಿವೇಶನದ ಮಟ್ಟಿಗೆ ನಾನು ಕೊಟ್ಟ ಅಭಿಪ್ರಾಯ ನಿರಾಕರಣೆಯೇ. ಜೋಡಣೆಗೆ ಬಸದಿಯ ಜಗಲಿ ಧಾರಾಳವಾಗಿ ದೊರೆಯಲಿ, ಹಾರಾಟಕ್ಕೆ ಆ ಜಾಗ ಬೇಡ ಎಂದೆ. ಏಕೆಂದರೆ ಅದರ ಮೂರು ಕಡೆಗೂ ತೋಟಗಳಿವೆ. ವಿಮಾನವು ಐವತ್ತು ಅರವತ್ತು ಅಡಿ ಎತ್ತರದ ತೆಂಗಿನ ಸುಳಿಯಲ್ಲಿ ಸಿಕ್ಕಿಕೊಂಡರೆ ಹುಡುಗನು ಅಳುತ್ತಾನೆ, ತಂದೆಯು ನೂರು ಇನ್ನೂರು ರೂಪಾಯಿ ಹಿಡಿದು ಮರ ಹತ್ತುವವನನ್ನು ಹುಡುಕುತ್ತಾನೆ. ಮಳೆಗೆ ನೆನೆದು ಜಾರುವ ಮರವನ್ನು ಒಬ್ಬ ಮನುಷ್ಯನು ಕಾಯಿಗಾಗಿ ಅಲ್ಲ, ಆಟಿಕೆಗಾಗಿ ಹತ್ತಬೇಕಾಗುತ್ತದೆ. ಇತರರನ್ನು ವ್ಯರ್ಥವಾಗಿ ಅಲೆಸುವುದೆಂದು ಸಮಂತಭದ್ರರು ಹೇಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಸೀಮೆಯಲ್ಲಿ ನನಗೆ ತೋರದು. ಬೇರೆಡೆ ಹಾರಿಸುವವರಿಗೂ ನನ್ನದೊಂದು ಷರತ್ತು: ಸುಳಿಗೆ ಸಿಕ್ಕಿದ ವಿಮಾನ ಮುಂದಿನ ಕಾಯಿ ಕೀಳುವ ದಿನದವರೆಗೆ ಅಲ್ಲಿಯೇ ಇರಲಿ ಎಂದು ಮೊದಲೇ ಒಪ್ಪಿದ ಹುಡುಗನ ಕೈಗೆ ಮಾತ್ರ ರಿಮೋಟನ್ನು ಕೊಡಬೇಕು.